ವಯಸ್ಸಾದ ಅಪ್ಪ-ಅಮ್ಮ ಐದು ದಿನಕ್ಕೆ ಮನೆಗೆ ಬರುವಾಗ: ಮಂಚದಿಂದ ಬಚ್ಚಲಿನವರೆಗಿನ ದಾರಿ ಮೊದಲು

ನಿಮ್ಮ ಪ್ರಶ್ನೆ ಹೀಗಿದೆ: ಅಪ್ಪನಿಗೆ 76, ಅಮ್ಮನಿಗೆ 71. ಆರು ಗಂಟೆ ಕಾರಿನಲ್ಲಿ ಬಂದು ನಿಮ್ಮ ಮನೆಯಲ್ಲಿ ಐದು ದಿನ ಇರುತ್ತಾರೆ. ಅಪ್ಪನಿಗೆ ಬಿಪಿ, ಶುಗರ್ ಇದೆ, ಕೋಲು ಹಿಡಿದು ನಡೆಯುತ್ತಾರೆ. ಅಮ್ಮನಿಗೆ ಮಂಡಿನೋವು. ಮನೆಯಲ್ಲಿ ಎರಡು ವರ್ಷದ ಮಗುವಿದೆ. ಪ್ರಯಾಣಕ್ಕೆ ಏನೇನು ತಯಾರಿ ಬೇಕು?

ಪ್ರಯಾಣದ ವಿಷಯ ಆಮೇಲೆ ಹೇಳುತ್ತೇನೆ. ನಾನಾದರೆ ಮೊದಲು ಯೋಚಿಸುವುದು ಅವರು ನಿಮ್ಮಲ್ಲಿ ಕಳೆಯುವ ಮೊದಲ ರಾತ್ರಿಯ ಬಗ್ಗೆ. ಸ್ವಂತ ಮನೆಯಲ್ಲಿ ಹೊಸ್ತಿಲು ಎಲ್ಲಿ, ಸ್ವಿಚ್ ಎಲ್ಲಿ, ಬಚ್ಚಲಿಗೆ ಎಷ್ಟು ಹೆಜ್ಜೆ ಎನ್ನುವುದೆಲ್ಲ ಕಾಲಿಗೇ ಗೊತ್ತಿರುತ್ತದೆ, ನಿದ್ದೆಗಣ್ಣಿನಲ್ಲೂ ಹೋಗಿ ಬರುತ್ತಾರೆ. ನಿಮ್ಮ ಮನೆಯಲ್ಲಿ ಆ ಲೆಕ್ಕವೆಲ್ಲ ತಪ್ಪುತ್ತದೆ. ದಿನವಿಡೀ ಕೂತು ಬಂದ ಕಾಲು, ಆಯಾಸ, ಕತ್ತಲೆ, ಎಲ್ಲವೂ ಒಂದೇ ಹೊತ್ತಿಗೆ ಸೇರುತ್ತವೆ. ಎಚ್ಚರವಾದರೆ ನಿಮಗೆ ತೊಂದರೆಯಾದೀತೆಂದು ಲೈಟ್ ಹಾಕದೆ ಮೆಲ್ಲಗೆ ಎದ್ದು ಹೋಗುವ ಸ್ವಭಾವ ಬೇರೆ. ಬೀಳುವುದು ಇಲ್ಲೇ.

ಹಾಗಾಗಿ ಬಚ್ಚಲಿಗೆ ಅತಿ ಹತ್ತಿರದ ಕೋಣೆಯನ್ನು ಅವರಿಗೆ ಕೊಡಿ, ನೀವು ಮಲಗುವ ಕೋಣೆಯೇ ಆಗಿದ್ದರೂ ಸರಿ. ಮೆಟ್ಟಿಲು ಹತ್ತಿಸಬೇಡಿ. ಅಮ್ಮನಿಗೆ ನೆಲದ ಹಾಸಿಗೆ ಬೇಡವೇ ಬೇಡ. ಮಂಡಿನೋವಿರುವವರು ನೆಲದಿಂದ ಏಳುವಾಗ ಪೂರ್ತಿ ಮಡಿಚಿದ ಮಂಡಿಯ ಮೇಲೆ ಭಾರವೆಲ್ಲ ಬೀಳುತ್ತದೆ. ಮಂಚದ ಅಂಚಿನಲ್ಲಿ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ತೊಡೆ ಸುಮಾರಾಗಿ ನೆಲಕ್ಕೆ ಸಮನಾಗಿರಬೇಕು. ಹೆಚ್ಚಿನವರಿಗೆ ಹಾಸಿಗೆಯೂ ಸೇರಿ 45ರಿಂದ 50 ಸೆಂಟಿಮೀಟರ್ ಎತ್ತರ ಹೊಂದುತ್ತದೆ. ಬಹಳ ಮೆತ್ತನೆಯ ಹಾಸಿಗೆಯಲ್ಲಿ ಕೂತ ಕೂಡಲೇ ಸೊಂಟ ಕೆಳಗಿಳಿಯುತ್ತದೆ, ಏಳುವುದು ಕಷ್ಟ. ಆದ್ದರಿಂದ ಅಳತೆಯನ್ನು ಮನುಷ್ಯ ಕೂತಿರುವಾಗ ತೆಗೆದುಕೊಳ್ಳಿ. ಮನೆಯಲ್ಲಿ ಮಂಚದ ಯಾವ ಬದಿಯಿಂದ ಇಳಿಯುತ್ತಾರೆ ಎಂದು ಕೇಳಿ, ಇಲ್ಲಿಯೂ ಅದೇ ಬದಿ ತೆರೆದಿರಲಿ.

ಮಂಚದಿಂದ ಬಚ್ಚಲಿನವರೆಗೆ ಒಮ್ಮೆ ನೀವೇ ಬರಿಗಾಲಲ್ಲಿ, ಲೈಟ್ ಆರಿಸಿ ನಡೆದು ನೋಡಿ. ಸಣ್ಣ ರಗ್ಗು, ಜಾರುವ ಕಾಲೊರಸು, ಚಾರ್ಜರ್ ವೈರು, ಮಗುವಿನ ಆಟಿಕೆ, ಎಲ್ಲವನ್ನೂ ಎತ್ತಿಡಿ. ದಾರಿಯುದ್ದಕ್ಕೂ ಮಂಕು ಬೆಳಕಿನ ರಾತ್ರಿದೀಪ ಉರಿಯುತ್ತಲೇ ಇರಲಿ, ಬಚ್ಚಲೊಳಗೂ ಒಂದಿರಲಿ. ಕೈಗೆ ಸಿಗುವಲ್ಲಿ ಟಾರ್ಚ್, ನೀರು, ಕನ್ನಡಕ ಇಡಿ. ಕೋಲನ್ನು ಗೋಡೆಗೆ ಒರಗಿಸಿಟ್ಟರೆ ಜಾರಿ ಬಿದ್ದು ಅದೇ ಎಡವುವ ವಸ್ತುವಾಗುತ್ತದೆ. ಮಂಚದ ತಲೆಕಡೆ ಒಂದು ಕೊಕ್ಕೆಗೆ ಸಿಕ್ಕಿಸಿ. ಕೋಲಿನ ತುದಿಯ ರಬ್ಬರ್ ಸವೆದು ನುಣ್ಣಗಾಗಿದ್ದರೆ ಹೊರಡುವ ಮೊದಲೇ ಬದಲಾಯಿಸಲಿ. ಅಪ್ಪ ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟದಲ್ಲಿರಬೇಕು. ಒಂದು ಕಾಲಿನಲ್ಲಿ ಮಾತ್ರ ನೋವಿದ್ದರೆ ಕೋಲು ಇನ್ನೊಂದು ಬದಿಯ ಕೈಯಲ್ಲಿರಬೇಕು. ಇದನ್ನು ಬಹಳ ಜನ ತಿರುವುಮುರುವು ಮಾಡುತ್ತಾರೆ.

ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮಲಗಿದವರು ಒಮ್ಮೆಲೇ ಎದ್ದು ನಿಂತರೆ ರಕ್ತದೊತ್ತಡ ಇಳಿದು ತಲೆ ತಿರುಗಬಹುದು. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ವೈದ್ಯರು ಅದನ್ನು ಸಮಸ್ಯೆ ಎಂದೇ ಎಣಿಸುತ್ತಾರೆ. ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ಬರುವ ವಾರದಲ್ಲಿ ಮಲಗಿದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ನೋಡಿಕೊಳ್ಳಲಿ. ಎದ್ದಾಗ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದ ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲುವ ಅಭ್ಯಾಸ ಮಾಡಿಸಿ.

ಬಚ್ಚಲಲ್ಲಿ ಎಲ್ಲರೂ ಆಸರೆಗೆ ಹಿಡಿಯುವುದು ಟವೆಲ್ ಹಾಕುವ ಸರಳನ್ನು. ಅದು ಮೈಭಾರ ತಡೆಯುವುದಕ್ಕೆಂದು ಮಾಡಿದ್ದಲ್ಲ, ಸ್ಕ್ರೂ ಸಮೇತ ಕಿತ್ತು ಬರುತ್ತದೆ. ಒತ್ತಿದರೆ ಟೈಲ್ಸಿಗೆ ಅಂಟುವ ರಬ್ಬರ್ ಬಟ್ಟಲಿನ ಹಿಡಿಕೆಯನ್ನೂ ನಂಬಬೇಡಿ. ಒದ್ದೆಯಾದಾಗ, ಟೈಲ್ಸಿನ ಸಂದಿಯ ಮೇಲೆ ಕೂತಾಗ, ಸುಳಿವೇ ಕೊಡದೆ ಬಿಡುತ್ತದೆ. ಅವರು ವರ್ಷಕ್ಕೆ ಎರಡು ಮೂರು ಸಲ ಬರುವವರಾದರೆ ಕಮೋಡಿನ ಪಕ್ಕ, ಸ್ನಾನ ಮಾಡುವಲ್ಲಿ, ಗೋಡೆ ಕೊರೆದು ಗಟ್ಟಿ ಹಿಡಿಕೆ ಹಾಕಿಸಿಬಿಡಿ. ಸ್ನಾನಕ್ಕೆ ಕಾಲಿಗೆ ರಬ್ಬರ್ ಇರುವ ಅಗಲವಾದ ಸ್ಟೂಲು ಮತ್ತು ಜಾರದ ಮ್ಯಾಟ್ ಸಾಕು. ಕಮೋಡ್ ತಗ್ಗಾಗಿದ್ದರೆ ಮೇಲೆ ಕೂರಿಸುವ ಎತ್ತರದ ಸೀಟು ಸಿಗುತ್ತದೆ, ಅಮ್ಮನ ಮಂಡಿಗೆ 10 ಸೆಂಟಿಮೀಟರ್ ಏರಿದರೂ ಬಹಳ ಹಗುರ. ಒಳಗಿನಿಂದ ಚಿಲಕ ಹಾಕಬೇಡಿ ಎಂದು ಮೊದಲೇ ಹೇಳಿ. ಬಾಗಿಲು ಒಳಕ್ಕೆ ತೆರೆಯುವಂಥದಾದರೆ ಬಿದ್ದವರ ಮೈ ಅಡ್ಡ ಬಂದು ತಳ್ಳಲೂ ಆಗುವುದಿಲ್ಲ. ಮರ್ಯಾದೆಗೆ, ಒಳಗಿದ್ದೇನೆ ಎಂದು ಕೂಗಿ ಹೇಳುವ ಒಪ್ಪಂದ ಸಾಕು.

ಮಗು ಇರುವ ಮನೆ ಎಂದಿರಿ, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಅಜ್ಜ-ಅಜ್ಜಿಯ ಮಾತ್ರೆಗಳು ಸಾಮಾನ್ಯವಾಗಿ ಕೈಚೀಲದಲ್ಲೋ ದಿಂಬಿನ ಬಳಿಯಲ್ಲೋ ಇರುತ್ತವೆ, ಚೀಲವೋ ನೆಲದ ಮೇಲೆ. ವಾರದ ಮಾತ್ರೆ ಡಬ್ಬಿಯನ್ನು ಎರಡು ವರ್ಷದ ಮಗು ಸುಲಭವಾಗಿ ತೆರೆಯುತ್ತದೆ. ಕೆಲವು ಬಿಪಿ ಮಾತ್ರೆ, ಕೆಲವು ಶುಗರ್ ಮಾತ್ರೆ ಒಂದೇ ಒಂದು ನುಂಗಿದರೂ ಅಷ್ಟು ಚಿಕ್ಕ ಮಗುವಿನ ಪ್ರಾಣಕ್ಕೆ ಅಪಾಯ. ಅವರು ಒಳಗೆ ಬಂದ ಕೂಡಲೇ, ಕೈಕಾಲು ತೊಳೆಯುವ ಮೊದಲೇ, ಚೀಲ ತೆಗೆದುಕೊಂಡು ಬೀಗವಿರುವ ಎತ್ತರದ ಕಪಾಟಿನಲ್ಲಿಡಿ. ಮಾತ್ರೆ ಕೆಳಗೆ ಬಿದ್ದರೆ ಸಿಗುವವರೆಗೂ ಹುಡುಕಿ. ನುಂಗಿರಬಹುದೆಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ, ವಾಂತಿ ಮಾಡಿಸದೆ, ಸ್ಟ್ರಿಪ್ ಸಮೇತ ಆಸ್ಪತ್ರೆಗೆ ಓಡಿ. ಮಗುವಿಗೆ ನೆಗಡಿ, ಜ್ವರ ಇದ್ದರೆ ಭೇಟಿಯನ್ನು ಒಂದು ವಾರ ಮುಂದೆ ಹಾಕಲು ಹಿಂಜರಿಯಬೇಡಿ.

ಇನ್ನು ಕಾರು. ಒಂದು ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ, ಐದು ನಿಮಿಷವಾದರೂ ನಡೆಯಲಿ. ನಾಲ್ಕು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ಹಿಂದೆ ಹೆಪ್ಪುಗಟ್ಟಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ ವೈದ್ಯರನ್ನು ಕೇಳದೆ ಹೊರಡಬೇಡಿ. ಪ್ರಯಾಣದ ನಂತರ ಒಂದೇ ಕಾಲು ಊದಿಕೊಂಡು ನೋವು ಬಂದರೆ ಆಯಾಸ ಎಂದು ಬಿಡದೆ ಅಂದೇ ತೋರಿಸಿ; ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ತಕ್ಷಣ ಆಸ್ಪತ್ರೆ.

ಶೌಚಾಲಯದ ಚಿಂತೆಗೆ ಹಿರಿಯರು ನೀರೇ ಕುಡಿಯುವುದಿಲ್ಲ. ಬಾಯಾರಿಕೆಯೂ ಅವರಿಗೆ ತಡವಾಗಿ ತಿಳಿಯುತ್ತದೆ. ಆಮೇಲೆ ತಲೆಸುತ್ತು, ಮಲಬದ್ಧತೆ. ನಿಲ್ಲುವ ಜಾಗಗಳನ್ನು ಮೊದಲೇ ಗೊತ್ತುಮಾಡಿ ಅಪ್ಪನಿಗೆ ಹೇಳಿಬಿಟ್ಟರೆ ಧೈರ್ಯವಾಗಿ ಕುಡಿಯುತ್ತಾರೆ. ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ ಆ ದಿನದ ಹೊತ್ತನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ತಾವಾಗಿ ಬಿಡುವುದು ಬೇಡ.

ಕಾರು ಹತ್ತುವಾಗ ಮೊದಲು ಸೀಟು ಪೂರ್ತಿ ಹಿಂದೆ ತಳ್ಳಿ. ಸೀಟಿಗೆ ಬೆನ್ನು ಮಾಡಿ ನಿಂತು, ಕಾಲಿನ ಹಿಂಭಾಗಕ್ಕೆ ಸೀಟು ತಾಗಿದ ಮೇಲೆ ಕೂತು, ತಲೆ ತಗ್ಗಿಸಿ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಬೇಕು. ತೆರೆದ ಬಾಗಿಲನ್ನು ಹಿಡಿದು ಭಾರ ಬಿಡಬಾರದು, ಅದು ಅಲುಗಾಡುತ್ತದೆ. ತಿರುಗಲು ಸುಲಭವಾಗಲೆಂದು ನುಣುಪು ಬಟ್ಟೆ ಹಾಸಿದ್ದರೆ ಹೊರಡುವ ಮೊದಲು ತೆಗೆಯಿರಿ. ಬ್ರೇಕ್ ಹಾಕಿದಾಗ ಅದರ ಮೇಲೆ ಜಾರಿ ಬೆಲ್ಟಿನ ಅಡಿಗೆ ಹೋಗುತ್ತಾರೆ. ಬೆಲ್ಟ್ ಸೊಂಟದ ಮೂಳೆಯ ಮೇಲಿರಲಿ, ಹೊಟ್ಟೆಯ ಮೇಲಲ್ಲ.

ಔಷಧಿ ಐದು ದಿನದ್ದಲ್ಲ, ಎಂಟು ದಿನದ್ದು ತರಲಿ, ಸ್ಟ್ರಿಪ್ಪಿನಲ್ಲೇ, ವೈದ್ಯರ ಚೀಟಿಯ ಫೋಟೋ ಸಮೇತ. ದಾರಿಯಲ್ಲಿ ಊಟ ತಡವಾದರೆ ಶುಗರ್ ಇಳಿಯಬಹುದು. ಬೆವರು, ನಡುಕ, ತಬ್ಬಿಬ್ಬು ಕಂಡು ಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ 15 ಗ್ರಾಂ ಗ್ಲೂಕೋಸ್ ಅಥವಾ ಮೂರು-ನಾಲ್ಕು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಇನ್ಸುಲಿನ್ ಇದ್ದರೆ ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು, ಮಂಜುಗಡ್ಡೆಗೆ ನೇರ ತಾಗಿಸಲೂಬಾರದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಎಸೆಯಬೇಕಷ್ಟೆ.

ಬಂದ ದಿನ ಯಾರನ್ನೂ ಊಟಕ್ಕೆ ಕರೆಯಬೇಡಿ, ಮರುದಿನ ಬೆಳಿಗ್ಗೆಯೂ ಖಾಲಿ ಇರಲಿ. ದಿನಕ್ಕೆ ಒಂದೇ ಓಡಾಟ, ಅದೂ ಬೆಳಗಿನ ಹೊತ್ತು. ಊಟ, ಮಾತ್ರೆ, ನಿದ್ದೆ ಅವರ ಮನೆಯ ಗಡಿಯಾರಕ್ಕೇ ನಡೆಯಲಿ.

ಹೊರಡುವ ದಿನ ಮರೆತು ಹೋಗುವ ವಸ್ತುಗಳು ಹೆಚ್ಚೂಕಡಿಮೆ ಇವೇ: ನೀರಲ್ಲಿ ನೆನೆಸಿಟ್ಟ ಹಲ್ಲಿನ ಸೆಟ್, ಶ್ರವಣಯಂತ್ರದ ಚಾರ್ಜರ್, ಫ್ರಿಜ್ಜಿನಲ್ಲಿರುವ ಇನ್ಸುಲಿನ್, ಮತ್ತು ನೀವು ಬೀಗ ಹಾಕಿಟ್ಟ ಆ ಮಾತ್ರೆ ಚೀಲ. ಹಿಂದಿನ ರಾತ್ರಿಯೇ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಮುಂಬಾಗಿಲಿಗೆ ಅಂಟಿಸಿ.