ಗೂಟಕ್ಕೆ ಕಟ್ಟಿದ ಗೂಳಿ, ಬಾಳ್ ಕಟ್ಟಿದ ಕೋಳಿ

ಗೂಳಿಯನ್ನು ಗೂಟಕ್ಕೆ ಕಟ್ಟಿ ನಾಯಿ ಛೂ ಬಿಡುತ್ತಿದ್ದ ಇಂಗ್ಲೆಂಡಿನ ಆಟಕ್ಕೂ ನಿಮ್ಮ ಕೋಳಿ ಅಂಕಕ್ಕೂ ಏನು ವ್ಯತ್ಯಾಸ ಎಂದು ಕೇಳಿದ್ದೀರಿ. ಮಂಜೇಶ್ವರದ ಕಡೆ ಹೀಗೆ ಕೇಳಿದರೆ ಅರ್ಧ ಜನ ಸಿಟ್ಟಾಗುತ್ತಾರೆ, ಉಳಿದವರು ನಗುತ್ತಾರೆ. ಎರಡನ್ನೂ ಬಿಟ್ಟು ಉತ್ತರಿಸಲು ನೋಡುತ್ತೇನೆ.

ಆ ಆಟಕ್ಕೆ ಇಂಗ್ಲಿಷಿನಲ್ಲಿರುವ ‘ಬೇಟಿಂಗ್’ ಪದದ ಮೂಲಾರ್ಥ ‘ಕಚ್ಚಿಸುವುದು’. ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ಕರಡಿಯನ್ನು ಕಚ್ಚಿಸಲೆಂದೇ ಅಂಗಳಗಳಿದ್ದವು. ರಾಣಿಗೂ ಅದು ಇಷ್ಟವಾಗಿತ್ತು. ನಾಯಿ ಕಚ್ಚಿದ ಗೂಳಿಯ ಮಾಂಸ ಮೆತ್ತಗಾಗುತ್ತದೆ ಎಂಬ ನಂಬಿಕೆಯೂ ಇತ್ತು. ಬುಲ್‌ಡಾಗ್ ಹೆಸರು ಬಂದದ್ದು ಅಲ್ಲಿಂದಲೇ. 1835ರ ಕಾನೂನು ಕೋಳಿಜಗಳವನ್ನೂ ಸೇರಿಸಿ ಇದನ್ನೆಲ್ಲ ನಿಷೇಧಿಸಿತು.

ನಮ್ಮ ಪದ ಬೇರೆ. ತುಳುವಿನಲ್ಲಿ ಕೋರಿಕಟ್ಟ, ಕನ್ನಡದಲ್ಲಿ ಕೋಳಿ ಅಂಕ. ಅಂಕ ಎಂದರೆ ಪರೀಕ್ಷೆಯ ಅಂಕವಲ್ಲ, ಕಾಳಗ. ಹಳಗನ್ನಡದ ‘ಅಂಕಕಾರ’, ಅಂದರೆ ಕಾಳಗದ ವೀರ, ಇದೇ ಕುಲದವನು. ಚಂದ್ರಗಿರಿ ಹೊಳೆ ದಾಟಿದರೆ ಮಲಯಾಳದ ವಡಕ್ಕನ್ ಪಾಟ್ಟು ಎಂಬ ವೀರಗೀತೆಗಳಲ್ಲಿ ‘ಅಂಕಂ’ ಸಿಗುತ್ತದೆ: ಇಬ್ಬರು ಪ್ರಭುಗಳಿಗೆ ಜಗಳ ಬಂದರೆ ಅವರ ಪರವಾಗಿ ಚೇಕವರು ಎಂಬ ಇಬ್ಬರು ಕಾಳಗಗಾರರು ಕತ್ತಿ ಹಿಡಿದು ಹೋರಾಡಿ ತೀರ್ಮಾನಿಸುತ್ತಿದ್ದರು. ಜಗಳ ಒಬ್ಬರದು, ರಕ್ತ ಇನ್ನೊಬ್ಬರದು. ಕೋಳಿಗೆ ಈ ಪದ ಅಂಟಿಕೊಂಡದ್ದು ಸರಿಯಾಗಿಯೇ ಇದೆ.

ಕೊಯ್ಲು ಮುಗಿದ ಗದ್ದೆ, ಪಕ್ಕದಲ್ಲೆಲ್ಲೋ ಜಾತ್ರೆ ಅಥವಾ ಕೋಲ. ಬಿಳಿ ಹುಂಜ ‘ಬೊಳ್ಳೆ’, ಕೆಂಪಿನದು ‘ಕೆಮ್ಮೈರೆ’. ಯಾವ ದಿನ ಯಾವ ಬಣ್ಣಕ್ಕೆ ಜಯ ಎಂದು ಹೇಳಲು ಕುಕ್ಕುಟ ಪಂಚಾಂಗವೇ ಇದೆ. ನನ್ನ ಸೋದರಮಾವ ಮದುವೆಯ ಮುಹೂರ್ತಕ್ಕೆ ಜೋಯಿಸರನ್ನು ನಂಬಿದರೂ ಕೋಳಿಯ ವಿಷಯದಲ್ಲಿ ಆ ಹರಿದ ಪುಸ್ತಕವನ್ನೇ ನಂಬುತ್ತಿದ್ದರು. ಹುಂಜದ ಕಾಲಿಗೆ ‘ಬಾಳ್’ ಕಟ್ಟುತ್ತಾರೆ: ಬೆರಳುದ್ದದ, ಕ್ಷೌರದ ಕತ್ತಿಯಷ್ಟು ಹರಿತವಾದ ಅಲಗು. ಅದನ್ನು ಕಟ್ಟುವ ಕೈಗೆ ಬೇರೆಯೇ ಗೌರವ. ಬಿಟ್ಟ ಮೇಲೆ ಎಷ್ಟೋ ಸಲ ಒಂದೇ ನಿಮಿಷ. ಸೋತದ್ದು ಗೆದ್ದವನ ಪಾಲು. ‘ಕಟ್ಟದ ಕೋರಿ’ಯ, ಅಂದರೆ ಅಂಕದಲ್ಲಿ ಸೋತ ಕೋಳಿಯ, ಸಾರಿಗೆ ಬೇರೆಯೇ ರುಚಿ ಎನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ.

ಸಿಟ್ಟಾಗುವವರ ವಾದ ಇದು: ಗೂಳಿಯನ್ನು ಕಟ್ಟಿಹಾಕುತ್ತಿದ್ದರು, ಹುಂಜವನ್ನು ಯಾರೂ ಕಟ್ಟುವುದಿಲ್ಲ, ಕಾದಾಡುವುದು ಅದರ ಗುಣ. ನಿಜ, ನಮ್ಮ ಅಂಗಳದಲ್ಲೂ ಹುಂಜಗಳು ಕಾದಾಡುತ್ತವೆ. ಕಾಲಿನ ಮುಳ್ಳಿನಿಂದ ಎರಡೇಟು ಬಿದ್ದರೆ ಸೋತದ್ದು ತೆಂಗಿನ ಬುಡಕ್ಕೆ ಓಡಿ ನಿಲ್ಲುತ್ತದೆ, ಸಂಜೆ ಅದೇ ಗೂಡಿಗೆ ಬರುತ್ತದೆ. ಬಾಳ್ ಕಟ್ಟಿದರೆ ಓಡಲು ಪುರುಸೊತ್ತೇ ಇಲ್ಲ. ಗೂಟ ಮಾಡುತ್ತಿದ್ದ ಕೆಲಸವನ್ನೇ ಆ ಅಲಗು ಮಾಡುತ್ತದೆ ಎಂದು ನನಗನಿಸುತ್ತದೆ. ಮಾವನ ಮುಂದೆ ಇದನ್ನು ಒಮ್ಮೆ ಹೇಳಿ ಬೈಸಿಕೊಂಡಿದ್ದೇನೆ.

ಕಾನೂನಿಗೆ ಈ ವ್ಯತ್ಯಾಸವೆಲ್ಲ ಬೇಡ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಡಿಸುವುದನ್ನೂ ಒಂದರ ಮೇಲೆ ಇನ್ನೊಂದನ್ನು ಛೂ ಬಿಡುವುದನ್ನೂ ಒಟ್ಟಿಗೇ ಅಪರಾಧವೆನ್ನುತ್ತದೆ. ಕಂಬಳಕ್ಕೆ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋಳಿಗೆ ಅಂಥ ಭಾಗ್ಯವಿಲ್ಲ. ಅಂಕಕ್ಕೆ ದೈವದ ಹೆಸರು ಹೇಳಿದರೂ ಜನ ಸೇರುವುದು ಜೂಜಿಗೆ ಎಂಬುದು ಎಲ್ಲರಿಗೂ ಗೊತ್ತು.

ಕರ್ನಾಟಕ-ಕೇರಳ ಗಡಿಯ ಸೌಕರ್ಯವೂ ಒಂದಿದೆ. ತಲಪಾಡಿಯ ಆಸುಪಾಸಿನಲ್ಲಿ ಒಂದು ತೋಟ ದಾಟಿದರೆ ರಾಜ್ಯ ಬದಲಾಗುತ್ತದೆ, ಪೊಲೀಸರೂ ಬದಲಾಗುತ್ತಾರೆ. ಸಿಕ್ಕಿಬಿದ್ದ ಕೋಳಿಗಳು ಹರಾಜಿಗೆ ಬರುತ್ತವೆ. ಅಲ್ಲಿ ಕೂಗುವವರಲ್ಲಿ ಗದ್ದೆಯಲ್ಲಿ ಕಂಡ ಮುಖಗಳೂ ಇರುತ್ತವೆ.

ಜಾತ್ರೆಗೆ ಖಂಡಿತ ಬನ್ನಿ, ಉಳಿಯಲು ನಮ್ಮ ಮನೆಯಿದೆ. ಗದ್ದೆಯ ಮೂಲೆಯಲ್ಲಿ ಗಂಡಸರು ಬೆನ್ನು ಹಾಕಿ ವೃತ್ತಾಕಾರದಲ್ಲಿ ನಿಂತಿದ್ದರೆ ಮಾತ್ರ ಅತ್ತ ಹೋಗಬೇಡಿ. ಸೀಟಿ ಕೇಳಿದಾಗ ಯಾವ ಬೇಲಿಯಲ್ಲಿ ತೂತಿದೆ ಎಂಬುದು ಊರವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ.