ಅಕ್ಕ ಕೊಟ್ಟ ಕಿಡ್ನಿ, ನಡುಗುವ ಬೆರಳು

ಪ್ರಶ್ನೆ: ನನಗೆ 44 ವರ್ಷ. ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಡಯಾಲಿಸಿಸ್‌ಗೆ ಜೊತೆಗೆ ಬರುತ್ತಿದ್ದ ಅಕ್ಕನೇ ಎರಡು ವರ್ಷದ ಹಿಂದೆ ಕಿಡ್ನಿ ಕೊಟ್ಟಳು. ಈಗ ಊರಿನವರು ಮತ್ತೆ ಕರೆಯುತ್ತಿದ್ದಾರೆ. ‘ರಾತ್ರಿಯೆಲ್ಲ ನಿದ್ದೆಗೆಟ್ಟು ಹಾಳು ಮಾಡ್ಕೊಳ್ಳೋಕಾ ನಾನು ಕೊಟ್ಟಿದ್ದು?’ ಅಂತ ಅಕ್ಕ ಅಳುತ್ತಾಳೆ. ಬೆರಳೂ ನಡುಗುತ್ತವೆ. ಪೆಟ್ಟಿಗೆ ಮುಚ್ಚಿಬಿಡಲಾ?

ಉತ್ತರ: ಮುಚ್ಚಬೇಡಿ ಮೇಷ್ಟ್ರೇ.

ಮೊದಲು ಬೆರಳಿನ ವಿಷಯ. ನಿಮ್ಮ ಪತ್ರದಲ್ಲಿ ‘ಅಕ್ಕ’ ಅಂತ ಬರೆದ ಕಡೆಯೆಲ್ಲ ಒತ್ತಕ್ಷರ ನಡುಗಿದೆ. ವಿದ್ಯೆ ಕೈಬಿಟ್ಟಿತು ಅಂದುಕೊಂಡಿದ್ದೀರಿ, ಅಲ್ವಾ? ಕಸಿ ಮಾಡಿದ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಅಂತ ಕೊಡುವ ಔಷಧಿ ಟ್ಯಾಕ್ರೋಲಿಮಸ್‌ನಿಂದ ಎಷ್ಟೋ ಜನರಿಗೆ ಕೈ ನಡುಗುತ್ತದೆ. ರಕ್ತದಲ್ಲಿ ಅದರ ಮಟ್ಟ ಏರಿದರೆ ನಡುಕ ಜಾಸ್ತಿಯಾಗಬಹುದು. ನೀವೂ ಅದನ್ನೇ ತಗೊಳ್ಳುತ್ತಿದ್ದರೆ, ‘ಬೆರಳೇ ನನ್ನ ಅನ್ನ’ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ರಕ್ತ ಪರೀಕ್ಷೆ ನೋಡಿ, ಬೇಕಾದರೆ ಅವರೇ ಬದಲಿಸುತ್ತಾರೆ. ನೀವಾಗಿ ಅರ್ಧ ಮಾತ್ರೆಯನ್ನೂ ಬಿಡಬೇಡಿ. ಕಿಡ್ನಿಯೇ ಕೈತಪ್ಪಬಹುದು.

ಅಮೆರಿಕದ ಗಾಯಕಿ ನಟಾಲಿ ಕೋಲ್‌ಗೆ 2009ರಲ್ಲಿ ಕಿಡ್ನಿ ಕಸಿ ಆಯಿತು. ಅದೇ ವರ್ಷ ಮತ್ತೆ ವೇದಿಕೆ ಹತ್ತಿ ಹಾಡಿದರು. ಆದರೆ ನಿಮ್ಮ ನಾಟಕ ಬೆಳಗಿನ ಜಾವದವರೆಗೆ ನಡೆಯುವಂಥದ್ದು, ದೂಳು, ಚಳಿ, ಜನಜಂಗುಳಿ. ಈ ಔಷಧಿ ತಗೊಳ್ಳುವವರಿಗೆ ಸೋಂಕು ಬೇಗ ತಗಲುತ್ತದೆ. ಹಾಗಾಗಿ ಇಡೀ ರಾತ್ರಿ ಸದ್ಯಕ್ಕೆ ಬೇಡ. ಡಾಕ್ಟರು ಒಪ್ಪಿದರೆ ತಾಲೀಮು ಹಿಡಿಯಿರಿ. ನಾಟಕದ ದಿನ ಮಾಸ್ಕ್ ಹಾಕಿಕೊಂಡು ಮೊದಲ ಒಂದೆರಡು ದೃಶ್ಯ ನುಡಿಸಿ, ಆಮೇಲೆ ಶಿಷ್ಯನನ್ನು ಕೂರಿಸಿ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದವನ ಬಾಯಲ್ಲಿ ಒಂದು ಕಂದಪದ್ಯ ಕೂರಿಸುವುದು, ಶ್ರುತಿ ತಪ್ಪಿದ ಕಡೆ ನಿಲ್ಲಿಸಿ ‘ಇನ್ನೊಂದ್ಸಲ’ ಅನ್ನುವುದು, ಇದಕ್ಕೆಲ್ಲ ಬೇಕಾದ ಕಿವಿ ನಿಮಗೆ ಹಾಗೇ ಇದೆ. ಕಲಿಸುವುದು ನುಡಿಸುವುದಕ್ಕಿಂತ ಕಡಿಮೆ ಅಂತ ನಾನಂತೂ ಒಪ್ಪುವುದಿಲ್ಲ. ಯಾರಾದರೂ ಕೆಮ್ಮುತ್ತಿದ್ದರೆ, ದುರ್ಯೋಧನನ ಪಾತ್ರದವನೇ ಆಗಿರಲಿ, ಅವತ್ತು ಮನೆಗೆ ಕಳಿಸಿ.

ಇನ್ನು ಅಕ್ಕ. ಅವರ ಮಾತು ನಿಮಗೆ ಕೊಟ್ಟ ಸಾಲ ವಾಪಸ್ ಕೇಳಿದ ಹಾಗೆ ಕೇಳಿಸಿದೆ. ನನಗೆ ಕೇಳಿಸಿದ್ದು ಭಯ. ಡಯಾಲಿಸಿಸ್ ಕೋಣೆ ಹೊರಗೆ ಗಂಟೆಗಟ್ಟಲೆ ಕಾದವರು ಅವರು. ನೀವು ರಾತ್ರಿ ಮನೆ ಬಿಟ್ಟರೆ ಅವರ ಕಣ್ಣ ಮುಂದೆ ಆ ಬೆಂಚೇ ಬರುತ್ತಿರಬೇಕು. ಅವರಿಗೆ ಎದುರುತ್ತರ ಕೊಡಬೇಡಿ. ‘ನಿನ್ನ ಋಣ’ ಅಂತ ತಲೆ ತಗ್ಗಿಸಿ ಸುಮ್ನೆ ಕೂರಲೂಬೇಡಿ.

ಒಂದು ಮಾತು ಕೇಳಲೇ? ಕಿಡ್ನಿ ಕೊಟ್ಟವರಿಗೂ ವರ್ಷಕ್ಕೊಮ್ಮೆ ಬಿ.ಪಿ., ಮೂತ್ರ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಅಕ್ಕನಿಗೆ ಕೊನೆಯ ಸಲ ಯಾವಾಗ ಮಾಡಿಸಿದಿರಿ? ಪತ್ರದಲ್ಲಿ ಅವರ ಆರೋಗ್ಯದ ಸುದ್ದಿಯೇ ಇಲ್ಲ. ಮುಂದಿನ ತಪಾಸಣೆಗೆ ಇಬ್ಬರೂ ಹೋಗಿ. ತಾಲೀಮಿನ ಮಾತನ್ನು ಅವರ ಎದುರಿಗೇ ಡಾಕ್ಟರ ಹತ್ತಿರ ಎತ್ತಿ. ಡಾಕ್ಟರು ಹೂಂ ಅಂದರೆ, ಮೊದಲ ಸಂಜೆ ಅಕ್ಕನನ್ನೂ ಕರೆದುಕೊಂಡು ಹೋಗಿ ಪೆಟ್ಟಿಗೆ ಪಕ್ಕ ಕುರ್ಚಿ ಹಾಕಿಸಿ. ರಾತ್ರಿಯ ಮಾತ್ರೆ ಅವರ ಹತ್ತಿರವೇ ಇರಲಿ. ಹೊತ್ತಾದಾಗ ಅವರೇ ಕೊಡಲಿ.