ಜೈಲರ್‌ಗೆ 100 ಪೌಂಡ್ ದಂಡ

ಹಾಸನದ ಓದುಗರೊಬ್ಬರ ಪತ್ರ: "ಮ್ಯಾಗ್ನಾ ಕಾರ್ಟಾ ಜನರ ಹಕ್ಕುಗಳ ಬೇರು ಅಂತ ಶಾಲೆಯಲ್ಲಿ ಓದಿದ್ದೆ. ಅದು ಪಾಳೇಗಾರರು ತಮಗೋಸ್ಕರ ಬರೆಸಿಕೊಂಡ ಕಾಗದ ಅಷ್ಟೇ ಅಲ್ವಾ? ನಮ್ಮ ಸಂವಿಧಾನಕ್ಕೂ ಅದಕ್ಕೂ ಏನು ನಂಟು?"

ಸಂಪಾದಕರ ಉತ್ತರ: ಪಾಳೇಗಾರರೇ ಬರೆಸಿದ್ದು, ನಿಜ. 1215ರ ಜೂನ್‌ನಲ್ಲಿ ಥೇಮ್ಸ್ ನದಿ ದಡದ ರನ್ನಿಮೀಡ್‌ನಲ್ಲಿ ಇಂಗ್ಲೆಂಡಿನ ಜಾನ್ ದೊರೆ ಬೇರೆ ದಾರಿಯಿಲ್ಲದೆ ಅದಕ್ಕೆ ಮುದ್ರೆ ಒತ್ತಿದ. ಆಗಸ್ಟ್‌ನಲ್ಲೇ ಪೋಪ್ ಕೈಲಿ ರದ್ದು ಮಾಡಿಸಿದ. ಸ್ವತಂತ್ರ ಮನುಷ್ಯನನ್ನು ಕಾನೂನು ಬಿಟ್ಟು ಹಿಡಿಯುವಂತಿಲ್ಲ ಎಂದಿತ್ತು ಅದರ 39ನೇ ಕಲಮು. ಹೊಲ ಉಳುವ ಜೀತದಾಳುಗಳು ಆ ಲೆಕ್ಕಕ್ಕೇ ಬರಲಿಲ್ಲ.

ನಂಟು ಶುರುವಾಗುವುದು 400 ವರ್ಷ ಆದಮೇಲೆ. 1627ರಲ್ಲಿ ಚಾರ್ಲ್ಸ್ ದೊರೆಗೆ ಬಲವಂತದ ಸಾಲ ಕೊಡದ ಐವರು ನೈಟ್‌ಗಳು ಜೈಲು ಸೇರಿದ್ದರು. ಯಾಕೆ ಅಂತ ಕೋರ್ಟಿನಲ್ಲಿ ಕೇಳಿದರೆ ಬಂದ ಉತ್ತರ, "ದೊರೆಯ ವಿಶೇಷ ಅಪ್ಪಣೆ." ಅಷ್ಟೇ. ಜಾಮೀನೂ ಸಿಗಲಿಲ್ಲ. ಮರುವರ್ಷ ಕಾನೂನು ಪಂಡಿತ ಎಡ್ವರ್ಡ್ ಕೋಕ್ ಮತ್ತಿತರರು ಪಾರ್ಲಿಮೆಂಟಿನಲ್ಲಿ ಆ ಹಳೇ ಕಲಮನ್ನೇ ಹಿಡಿದು ದೊರೆಯ ಮುಂದೆ ಹಕ್ಕಿನ ಮನವಿ ಇಟ್ಟರು.

ನನಗೆ ಜಾಸ್ತಿ ಇಷ್ಟವಾಗುವುದು ಇಂಗ್ಲೆಂಡಿನ 1679ರ ಹೇಬಿಯಸ್ ಕಾರ್ಪಸ್ ಕಾಯ್ದೆ. ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತನ್ನಿ ಅನ್ನೋ ಆದೇಶವೇ (ರಿಟ್) ಹೇಬಿಯಸ್ ಕಾರ್ಪಸ್. ದೊಡ್ಡ ಮಾತೇ ಇಲ್ಲ ಅದರಲ್ಲಿ. ಕೈದಿ ಕೇಳಿದ 6 ಗಂಟೆಯೊಳಗೆ ವಾರಂಟಿನ ನಕಲು ಕೊಡಬೇಕು. ಜೈಲು 20 ಮೈಲಿಯೊಳಗಿದ್ದರೆ ರಿಟ್ ತಲುಪಿದ 3 ದಿನದಲ್ಲಿ ಅವನನ್ನು ಜಡ್ಜ್ ಮುಂದೆ ನಿಲ್ಲಿಸಬೇಕು. ತಪ್ಪಿದರೆ ಜೈಲರ್‌ಗೆ 100 ಪೌಂಡ್ ದಂಡ. ಎರಡನೇ ಸಲಕ್ಕೆ 200, ಜೊತೆಗೆ ಕೆಲಸವೂ ಹೋಗುತ್ತಿತ್ತು. ಕೋರ್ಟಿಗೆ ರಜೆ ಅಂತ ರಿಟ್ ಕೊಡದ ಜಡ್ಜ್‌ಗೆ 500! (ಮತ ಎಣಿಸುವಾಗ ಒಬ್ಬ ದಪ್ಪ ಲಾರ್ಡ್‌ನನ್ನು ತಮಾಷೆಗೆ ಹತ್ತು ಅಂತ ಲೆಕ್ಕ ಹಾಕಿದ್ದರಿಂದಲೇ ಇದು ಪಾಸಾಯಿತು ಅನ್ನೋ ಕಥೆ ಇದೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.)

ಫ್ರಾನ್ಸಿನ 1789ರ ಮಾನವ ಹಕ್ಕುಗಳ ಘೋಷಣೆ ಓದಲು ಇದಕ್ಕಿಂತ ಎಷ್ಟೋ ಚೆಂದ. ಆದರೆ 1793ರಲ್ಲಿ ಅಲ್ಲೇ ಬರೀ ಅನುಮಾನದ ಮೇಲೆ ಜನರನ್ನು ಹಿಡಿಯುವ ಶಂಕಿತರ ಕಾನೂನು ಬಂತು. ಹೆಂಗಸರ ಹಕ್ಕಿನ ಘೋಷಣೆ ಬರೆದಿದ್ದ ಒಲಾಂಪ್ ದ ಗೂಜ್ ತಲೆ ಹೋದದ್ದೂ ಅದೇ ವರ್ಷ. ಇಂಗ್ಲೆಂಡೇನೂ ಸಾಚಾ ಅಲ್ಲ. 1794ರಲ್ಲಿ ಪಾರ್ಲಿಮೆಂಟೇ ಹೇಬಿಯಸ್ ಕಾರ್ಪಸ್ಸನ್ನು ಅಮಾನತಿನಲ್ಲಿಟ್ಟಿತು.

ನಮ್ಮಲ್ಲಿ ಜೀವ, ಸ್ವಾತಂತ್ರ್ಯದ ಮಾತು 21ನೇ ವಿಧಿಯಲ್ಲಿದೆ. ಕೋರ್ಟಿನ ಬಾಗಿಲು ತೆರೆಯುವುದು 32 ಮತ್ತು 226ನೇ ವಿಧಿ. 1975ರಲ್ಲಿ ಬೆಂಗಳೂರಿನಲ್ಲಿ ಬಂಧನವಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಹೇಬಿಯಸ್ ಕಾರ್ಪಸ್ ಅರ್ಜಿ ಹಿಡಿದು ಆ ಬಾಗಿಲು ತಟ್ಟಿದ್ದು ನಮ್ಮ ಹೈಕೋರ್ಟಿನಲ್ಲೇ. 1976ರಲ್ಲಿ ಸುಪ್ರೀಂ ಕೋರ್ಟಿನ ಐವರು ಜಡ್ಜ್‌ಗಳಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಇಂಥ ಅರ್ಜಿಯೇ ನಿಲ್ಲದು ಅಂದುಬಿಟ್ಟರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. 1978ರ 44ನೇ ತಿದ್ದುಪಡಿ ಆದಮೇಲೆ 21ನೇ ವಿಧಿಗಾಗಿ ಕೋರ್ಟಿಗೆ ಹೋಗುವುದನ್ನು ತುರ್ತು ಪರಿಸ್ಥಿತಿಯಲ್ಲೂ ತಡೆಯುವಂತಿಲ್ಲ.